ಹೆರೆದು ತೆಗೆದ ವರ್ಷ

ನಾನು ಆ ಊರಿನಲ್ಲಿ ಪಾಠ ಮಾಡಿದ ಮೊದಲ ವರ್ಷ ಈಗ ಊರಿನ ಲೆಕ್ಕದಲ್ಲಿ ಇಲ್ಲ. ಆ ವರ್ಷ ಹುಟ್ಟಿದ ಕೂಸುಗಳನ್ನು ಹಿಂದಿನ ವರ್ಷಕ್ಕೋ ಮುಂದಿನ ವರ್ಷಕ್ಕೋ ಸೇರಿಸಿ ಬರೆದುಕೊಂಡಿದ್ದಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅಷ್ಟು ಹಾಳೆಗಳಿಲ್ಲ. ಕೇಳಿದರೆ ಯಾರೂ ಸುಳ್ಳು ಹೇಳುವುದಿಲ್ಲ. ಸುಮ್ಮನಾಗುತ್ತಾರೆ, ಅಷ್ಟೇ.

ಅಲ್ಲಿ ಚಳಿ ಮುಗಿಯುವ ಹೊತ್ತಿಗೆ ಒಂದು ದಿನ ಹಾಸು ಬೀಳುತ್ತದೆ. ಸೂರ್ಯ ಏಳುವ ಮುಂಚೆ ಶುರುವಾಗುತ್ತದೆ. ಗಾಳಿ ಇರುವುದಿಲ್ಲ. ಜರಡಿ ಹಿಡಿದ ಹಿಟ್ಟಿನಂಥ ಮಣ್ಣು ಮೇಲಿನಿಂದ ನೇರವಾಗಿ ಇಳಿದು, ಬೀದಿ, ಅಂಗಳ, ಗದ್ದುಗೆ, ಬಾವಿಕಟ್ಟೆ ಎಲ್ಲದರ ಮೇಲೆ ನಾಲ್ಕು ಬೆರಳು ದಪ್ಪ ಕೂತು, ಹೊತ್ತೇರುವಷ್ಟರಲ್ಲಿ ನಿಲ್ಲುತ್ತದೆ. ಸಂಜೆಗೆ ಅದು ಕಲ್ಲು. ಪ್ರತಿ ವರ್ಷ ಅದರ ಬಣ್ಣ ಬೇರೆ. ಆ ಬಣ್ಣವೇ ಮುಗಿದ ವರ್ಷದ ಹೆಸರಾಗುತ್ತದೆ: ಅರಿಸಿನದ ವರ್ಷ, ಗೋಧಿಯ ವರ್ಷ, ತಾಮ್ರದ ವರ್ಷ. ಜನ ಅದಕ್ಕೆ ಹೊಂದಿಕೊಂಡು ಬದುಕುತ್ತಾರೆ. ಬಾಗಿಲು ಗಿಡ್ಡವಾಗುತ್ತಾ ಬಂದು ಹಣೆಗೆ ತಾಗತೊಡಗಿದಾಗ ಬಡಿಗನನ್ನು ಕರೆಸಿ ಚೌಕಟ್ಟು ಎತ್ತಿಸುತ್ತಾರೆ. ಮಾಳಿಗೆ ಕಟ್ಟುವಾಗಲೇ ಮುಂದೊಂದು ದಿನ ಅದು ನೆಲವಾಗುತ್ತದೆಂದು ಲೆಕ್ಕ ಹಾಕಿ ಕಿಟಕಿಗಳನ್ನು ಬಾಗಿಲಿನಷ್ಟು ಅಗಲ ಇಡುತ್ತಾರೆ. ಮಕ್ಕಳ ಎತ್ತರವನ್ನು ಗೋಡೆಗೆ ಗೀಟು ಎಳೆದು ಅಳೆಯುವ ರೂಢಿ ಅಲ್ಲಿಲ್ಲ, ಗೋಡೆಯೇ ಇಳಿಯುತ್ತಿರುತ್ತದೆ. ಹಳೆಯ ವಿಷಯ ಎತ್ತಿದರೆ, "ಅದು ಕೆಳಗ ಹೋತು ಬಿಡ್ರಿ" ಅನ್ನುತ್ತಾರೆ. ಹಾಗಂದ ಮೇಲೆ ಮಾತು ಮುಂದುವರಿಸುವುದು ಸಭ್ಯತೆಯಲ್ಲ.

ನನಗೆ ಅಂಥ ಊರು ಒಗ್ಗಬೇಕಾಗಿತ್ತು. ನಾನು ಭೂವಿಜ್ಞಾನ ಓದಿದ್ದು ಕಲ್ಲಿನ ಮೇಲಿನ ಪ್ರೀತಿಯಿಂದಲ್ಲ. ಎರಡು ಪದರಗಳ ನಡುವೆ ಒಂದು ಗೆರೆ ಇರುತ್ತದೆ. ಕೆಲವು ಕಡೆ ಆ ಗೆರೆ ಬರೀ ಗೆರೆಯಲ್ಲ. ಅಲ್ಲಿ ಇದ್ದ ಪದರಗಳು ಸವೆದುಹೋಗಿ, ಕೋಟಿ ವರ್ಷಗಳು ಕೂದಲೆಳೆಯಷ್ಟು ಜಾಗದಲ್ಲಿ ಸುಮ್ಮನಾಗಿರುತ್ತವೆ. ಸ್ನಾತಕೋತ್ತರ ಪ್ರಬಂಧವನ್ನು ನಾನು ಅಂಥದೊಂದು ಗೆರೆಯ ಮೇಲೆ ಬರೆದಿದ್ದೆ. ಬರೆಯಲು ಏನೂ ಇಲ್ಲದ್ದರ ಬಗ್ಗೆ ನೂರಾ ಹತ್ತು ಪುಟ. ಮೌಖಿಕ ಪರೀಕ್ಷೆಗೆ ಬಂದವರು ನಕ್ಕಿದ್ದರು. ಆಮೇಲೆ ಆ ಊರಿನ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು. ನಾನು ಯಾರಿಗೂ ಏನನ್ನೂ ವಿವರಿಸದೆ ಹೋದೆ.

ಮನೆ ಸಿಕ್ಕಿದ್ದು ನೀಲವ್ವನದು. ಐವತ್ತು ದಾಟಿದ, ಗಟ್ಟಿ ಮೈಯ ಹೆಂಗಸು. ಮಗಳು ಬಾಣಂತನದಲ್ಲಿ ತೀರಿಕೊಂಡ ಮೇಲೆ ಮೊಮ್ಮಗಳು ಕಸ್ತೂರಿಯನ್ನು ತಾನೇ ಸಾಕಿದ್ದಳು. ಕಸ್ತೂರಿ ನನ್ನ ಒಂಬತ್ತನೇ ತರಗತಿಯಲ್ಲೇ ಇದ್ದಳು. ಬೇರೆ ಮನೆಗಳು ಖಾಲಿ ಇದ್ದರೂ ಎಲ್ಲರೂ ನನ್ನನ್ನು ನೀಲವ್ವನ ಮನೆಗೇ ಯಾಕೆ ಕಳಿಸಿದರೆಂಬುದು ಎರಡು ದಿನದಲ್ಲಿ ತಿಳಿಯಿತು. ಊರಿಗೆ ಇರುವುದು ಒಂದೇ ಬಾವಿ. ಬೆಳಿಗ್ಗೆ ಮನೆಗೊಂದು ಕೊಡದ ಪಾಳಿ ಬಾವಿಕಟ್ಟೆಯನ್ನು ಸುತ್ತಿ ನಿಲ್ಲುತ್ತದೆ. ಯಾರು ಮೊದಲು ಬಂದರೆ ಅವರು ಮುಂದೆ. ಆದರೆ ನೀಲವ್ವ ಎಷ್ಟು ಬೇಗ ಹೋದರೂ ಎಲ್ಲರಿಗಿಂತ ಕೊನೆಗೆ, ಬಾವಿಯೊಳಗೆ ಇಳಿಯುವ ಮೆಟ್ಟಿಲುಗಳ ಬಾಯಿಯ ಹತ್ತಿರ ನಿಲ್ಲಬೇಕು. ಅವಳ ಸರದಿ ಬರುವಷ್ಟರಲ್ಲಿ ಹಗ್ಗದ ಕೊನೆಗೆ ಬರುವುದು ಕೆಸರು ನೀರು. ಅದನ್ನು ಮೂರು ಸಲ ಬಟ್ಟೆಯಲ್ಲಿ ಸೋಸಿ ನಾವು ಮೂವರೂ ಕುಡಿಯುತ್ತಿದ್ದೆವು. ಹೊರಗಿನವಳಿಗೆ ಆ ನೀರು ಸಾಕೆಂಬುದು ಊರಿನ ಲೆಕ್ಕ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ನೀಲವ್ವ, "ನಮ್ಮಪ್ಪ ಬಾವಿ ಕೆಡಿಸಿದ್ನಂತ. ಕೆಳಗ ಹೋತು ಬಿಡ್ರಿ ಅಕ್ಕೋರ" ಎಂದಿದ್ದಳು. ಮನೆಯ ಕಿರಿಯರು ಹದಿನೈದು ಹಾಸು ದಾಟಿದ ಮರುದಿನ ಕೊಡ ಅವರ ಕೈಗೆ ಹೋಗುತ್ತದೆ. ಕಸ್ತೂರಿಗೆ ಹದಿನಾಲ್ಕು ಆಗಿತ್ತು. ಬರುವ ಹಾಸು ಬಿದ್ದ ಮರುದಿನದಿಂದ ಆ ಕೊನೆಯ ಜಾಗ ಅವಳದು. ಈ ಮಾತು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಕಸ್ತೂರಿ ಮಾತ್ರ ಆಗೀಗ ಖಾಲಿ ಕೊಡವನ್ನು ಸೊಂಟಕ್ಕೆ ಇಟ್ಟು ನೋಡಿ, ಮತ್ತೆ ಮೂಲೆಗೆ ಇಡುತ್ತಿದ್ದಳು.

ಒಂಬತ್ತನೇ ತರಗತಿಯ ಪಠ್ಯದಲ್ಲಿ ಶಿಲಾ ಪದರಗಳ ಅಧ್ಯಾಯ ಇತ್ತು. ಪುಸ್ತಕದ ಚಿತ್ರ ಮಸುಕಾಗಿತ್ತು. ಹೀಗಾಗಿ ಒಂದು ದಿನ ನೀಲವ್ವನಿಂದ ಏಳು ಜೋಳದ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಆರನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟೆ. "ಮೊದಲು ಸುಟ್ಟ ರೊಟ್ಟಿ ಯಾವುದು?" ಎಂದೆ.

"ಕೆಳಗಿಂದ್ರಿ" ಎಂದರು ಎಲ್ಲರೂ.

ಚಾಕುವಿನಿಂದ ಮೇಲಿನ ನಾಲ್ಕು ರೊಟ್ಟಿಗಳನ್ನು ಓರೆಯಾಗಿ ಸೀಳಿದೆ. ಸೀಳಿನ ಮೇಲೆ ಇನ್ನೊಂದು ರೊಟ್ಟಿ ಮುಚ್ಚಿದೆ. "ಸೀಳಿದ್ದು ಯಾವಾಗ?"

ಸ್ವಲ್ಪ ಗೊಂದಲವಾಯಿತು. ಕಸ್ತೂರಿ ಎದ್ದು, "ಸೀಳಿಸ್ಕೊಂಡಾವಲ್ರಿ ನಾಕು, ಅವು ಆದಮ್ಯಾಲ. ಮ್ಯಾಲಿಂದು ಸೀಳಿಲ್ಲ, ಅದು ಬರೂಕಿಂತ ಮೊದಲ" ಎಂದಳು.

"ಅಷ್ಟೇ. ಕತ್ತರಿಸಿದ್ದು ಯಾವಾಗಲೂ ಕತ್ತರಿಸಿಕೊಂಡದ್ದಕ್ಕಿಂತ ಈಚಿನದು. ಈ ಎರಡು ನಿಯಮ ಸಾಕು, ಭೂಮಿಯಲ್ಲಿ ಏನಾದ ಮೇಲೆ ಏನಾಯಿತು ಅಂತ ಹೇಳಬಹುದು. ಯಾವ ವರ್ಷ ಅಂತ ಹೇಳಲಿಕ್ಕಾಗದಿದ್ದರೂ ಯಾವುದು ಮೊದಲು ಅಂತ ಹೇಳಬಹುದು."

ಹಿಂದಿನ ಬೆಂಚಿನ ಮೌಲಾಲಿ ಕೈ ಎತ್ತಿದ. ಪಿಂಜಾರರ ಹುಡುಗ, ಆಗಲೇ ಹದಿನೈದು ದಾಟಿ ಕೊಡ ಹೊರುತ್ತಿದ್ದವನು, ತರಗತಿಯನ್ನು ನಗಿಸದೆ ಒಂದು ದಿನವೂ ಬಿಟ್ಟವನಲ್ಲ. "ಅಕ್ಕೋರ, ನಮ್ಮಪ್ಪ ಬಿಸಿದು ಬ್ಯಾಡಂತ ನಡುವಿಂದ ಒಂದು ಎಳಕೊಂಡು ತಿಂತಾನ್ರಿ. ಆಮ್ಯಾಲ ನಮ್ಮವ್ವ ಎಣಿಸಿದ್ರ ಲೆಕ್ಕ ತಪ್ಪತೈತಿ, ಏಟು ಮಾತ್ರ ನನಗ ಬೀಳತಾವು. ಯಾರು ತಿಂದ್ರು ಅಂತ ನಿಮ್ಮ ಶಾಸ್ತ್ರ ಹೇಳತೈತೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಯಾರು ಅಂತ ಹೇಳುವುದಿಲ್ಲ. ಆದರೆ ಒಂದು ಇತ್ತು, ಈಗ ಇಲ್ಲ ಅಂತ ಹೇಳುತ್ತದೆ. ಚೂರುಪಾರು ಎಲ್ಲೋ ಉಳಿದಿರುತ್ತದೆ, ಹುಡುಕಬೇಕು."

ಪಾಠ ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಪದರಗಳ ಪಾಠಕ್ಕೆ ಆ ಬಾವಿಗಿಂತ ಒಳ್ಳೆಯ ಕಡೆ ನನಗೆ ತೋಚಲಿಲ್ಲ. ಬಾವಿಯ ಒಂದು ಬದಿಗೆ ಮೆಟ್ಟಿಲುಗಳಿವೆ. ಮೂರು ಹಾಸಿಗೊಂದು ಮೆಟ್ಟಿಲು ಮೇಲೆ ಕೂಡಿಸುತ್ತಾರೆ. ಹೂಳು ತೆಗೆಯುವವರು ವರ್ಷಕ್ಕೊಮ್ಮೆ ಇಳಿಯುವುದು ಬಿಟ್ಟರೆ ಬೇರೆ ಯಾರೂ ಇಳಿಯುವುದಿಲ್ಲ. ಅವರೂ ಕಾಲ ಕೆಳಗೆ ನೋಡುತ್ತಾ ಇಳಿಯುತ್ತಾರೆ. ಮಧ್ಯಾಹ್ನ, ಕಟ್ಟೆಯ ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ, ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಇಳಿದೆ. ಹೆಡ್ ಮಾಸ್ತರರನ್ನು ಕೇಳಿರಲಿಲ್ಲ. ಕೇಳಬೇಕೆಂದು ಅನ್ನಿಸಿರಲಿಲ್ಲ.

ಗೋಡೆಯ ಮೇಲೆ ಊರಿನ ವರ್ಷಗಳೆಲ್ಲ ಅಂಚು ತೋರಿಸಿಕೊಂಡು ಕೂತಿದ್ದವು. ಮಕ್ಕಳು ತಾವು ಹುಟ್ಟಿದ ವರ್ಷವನ್ನು ಮುಟ್ಟಿ ನೋಡಿದರು, ಆಮೇಲೆ ಅಪ್ಪ ಅವ್ವಂದಿರದನ್ನು. ಹನ್ನೆರಡನೇ ಮೆಟ್ಟಿಲ ಹತ್ತಿರ ಬಂದಾಗ ಬಡಗಣ ಗೋಡೆಯಲ್ಲಿ ಒಂದು ಬಿರುಕು ಕಂಡಿತು. ಕೆಳಗಿನಿಂದ ಹಲವು ಪದರಗಳನ್ನು ಓರೆಯಾಗಿ ಸೀಳಿಕೊಂಡು ಬಂದು, ಬೆಲ್ಲದ ಬಣ್ಣದ ಹಾಸಿನ ನೆತ್ತಿಯಲ್ಲಿ ನಿಂತಿತ್ತು. ಅದರ ಮೇಲಿನದು ಸುಣ್ಣದ ಬಣ್ಣದ್ದು, ಅದರಲ್ಲಿ ಬಿರುಕಿರಲಿಲ್ಲ. ಪಕ್ಕದಲ್ಲಿ ಅದೇ ಬೆಲ್ಲದ ಹಾಸಿನ ನೆತ್ತಿಯಿಂದ ಕೆಳಕ್ಕೆ ಯಾರೋ ಮನುಷ್ಯರು ತೋಡಿ, ಮತ್ತೆ ಕಲ್ಲುಚೂರು ತುಂಬಿ ಮುಚ್ಚಿದ್ದ ಅಗಲವಾದ ಕೊರೆತ. ಬಿರುಕೂ ಕೊರೆತವೂ ಒಂದನ್ನೊಂದು ದಾಟುತ್ತಿದ್ದವು. ಇಷ್ಟು ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲೂ ಸಿಗದು. ನಾನು ಖುಷಿಯಾದೆ. "ನೋಡಿ, ಇಲ್ಲಿ ಏನೇನು ಯಾವ ಕ್ರಮದಲ್ಲಿ ಆಯಿತು ಅಂತ ಬರೆಯಿರಿ. ಕೆಳಗಿನಿಂದ ಮೇಲೆ" ಎಂದು ಹೇಳಿ ಮೆಟ್ಟಿಲ ಮೇಲೆ ಕೂತೆ.

ಮಕ್ಕಳಲ್ಲಿ ಪಿಸುಮಾತು ಎದ್ದಿತು. ಮೌಲಾಲಿ ನಗುತ್ತಿರಲಿಲ್ಲ. "ಅಕ್ಕೋರ, ಇದು ದುಂಡಪ್ಪಜ್ಜನ ಕೊರತ ಅಂತಾರ್ರಿ" ಎಂದ ಮೆಲ್ಲಗೆ. ದುಂಡಪ್ಪ ಎಂದರೆ ನೀಲವ್ವನ ತಂದೆ, ಬಾವಿ ತೋಡುವ ಕಸುಬಿನವನು. "ಅಂವ ಕೊರದ, ಅದಕ್ಕ ಗ್ವಾಡಿ ಬಿರೀತು, ನೀರು ಭೂಮ್ಯಾಗ ಹೋತು, ಕೆಳಗಿನ ಓಣ್ಯಾಗ ಹತ್ತೊಂಬತ್ತು ಮಂದಿ ನೀರಿಲ್ಲದ ಸತ್ರು. ಅದಕ್ಕ ಅವರು ಪಾಳ್ಯಾಗ ಕಡೀಕ."

ಕಸ್ತೂರಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ಆಮೇಲೆ ಬಿರುಕಿನೊಳಗೆ ಉಗುರು ಆಡಿಸಿದಳು. "ಇದರಾಗ ಕರೇ ಕಲ್ಲು ತುಂಬೇತ್ರಿ" ಎಂದಳು. "ಇದ್ದಲಿ ಬಣ್ಣದ್ದು. ಇಂಥ ಹಾಸು ಗ್ವಾಡ್ಯಾಗ ಎಲ್ಲೂ ಇಲ್ಲ."

ನಾನು ಎದ್ದು ನೋಡಿದೆ. ನಿಜ. ಬಿರುಕು ಬಾಯಿ ತೆರೆದಿದ್ದಾಗ ಕಪ್ಪು ಹಾಸೊಂದು ಬಿದ್ದು ಒಳಗಿಳಿದು ಗಟ್ಟಿಯಾಗಿತ್ತು. ಆ ಕಪ್ಪು ಎಳೆ ಕೊರೆತದ ಒಂದು ಅಂಚಿಗೆ ಬಂದು ಕತ್ತರಿಸಿದಂತೆ ನಿಂತು, ಆಚೆ ಅಂಚಿನಲ್ಲಿ ಮತ್ತೆ ಶುರುವಾಗುತ್ತಿತ್ತು. ಕೊರೆತ ಮುಚ್ಚಲು ತುಂಬಿದ ಚೂರುಗಳ ನಡುವೆಯೂ ಕಪ್ಪು ತುಂಡುಗಳು. ಬೆಲ್ಲ ಮತ್ತು ಸುಣ್ಣದ ಹಾಸುಗಳ ನಡುವಿನ ಗೆರೆ ಉಳಿದ ಗೆರೆಗಳಂತೆ ಸಪಾಟಾಗಿರಲಿಲ್ಲ. ಅದರ ತುಂಬ ಹಾರೆಯ ಗುರುತುಗಳು.

ಕಸ್ತೂರಿ ನನ್ನ ಕಡೆ ನೋಡದೆ, ಗೋಡೆಗೇ ಹೇಳುವವಳಂತೆ ಹೇಳಿದಳು: "ಬೆಲ್ಲದ್ದು ಬಿತ್ತು. ಆಮ್ಯಾಲ ನೆಲ ಬಿರೀತು. ಆಮ್ಯಾಲ ಕರೇದು ಬಿತ್ತು, ಬಿರುಕಿನ್ಯಾಗ ಇಳೀತು. ಅದು ಗಟ್ಟಿಯಾದ ಮ್ಯಾಲ ಅಜ್ಜ ಕೊರದ. ಆಮ್ಯಾಲ ಕರೇ ಹಾಸನ್ನ ಯಾರೋ ಹೆರದು ತಗದ್ರು. ಆಮ್ಯಾಲ ಸುಣ್ಣದ್ದು." ಆಮೇಲೆ ಕೇಳಿದಳು: "ಬಿರುಕು ಮೊದಲರಿ ಅಕ್ಕೋರ. ಹೌದಿಲ್ರಿ?"

ಇಪ್ಪತ್ತೆರಡು ಮಕ್ಕಳು ನನ್ನನ್ನು ನೋಡುತ್ತಿದ್ದರು. ಉತ್ತರ ಸರಿ ಇತ್ತು. ನಾನು, "ಎಲ್ಲರೂ ಬರೆದು ತನ್ನಿ, ನಾಳೆ ನೋಡುತ್ತೇನೆ" ಎಂದೆ.

ಮರುದಿನ ಶಾಲೆ ಶುರುವಾಗುವವರೆಗೆ ಕಾಯುವ ತಾಳ್ಮೆ ಮೌಲಾಲಿಗೆ ಇರಲಿಲ್ಲ. ಬೆಳಿಗ್ಗೆ ಪಾಳಿಯಲ್ಲಿ ಕೊಡ ಹಿಡಿದು ನಿಂತವನು, ಎಲ್ಲರ ಕಿವಿಗೆ ಬೀಳುವಂತೆ, ದುಂಡಪ್ಪಜ್ಜ ಕೊರೆಯುವ ಮೊದಲೇ ಬಾವಿ ಬಿರಿದಿತ್ತೆಂದು, ನಡುವೆ ಒಂದು ವರ್ಷ ಯಾರೋ ತಿಂದಿದ್ದಾರೆಂದು ಹೇಳಿದ. ಒಬ್ಬ ಹೆಂಗಸು, "ನಿಮ್ಮಪ್ಪ ತಿಂದಿರಬೇಕು ನೋಡ" ಎಂದಳು. ನಗು ಎದ್ದಿತು. ಆಮೇಲೆ ಕೆಳಗಿನ ಓಣಿಯ ಮುದುಕನೊಬ್ಬ ತನ್ನ ಕೊಡವನ್ನು ಕಟ್ಟೆಗೆ ಕುಕ್ಕಿ ಒಡೆದ. ನೀರಿಲ್ಲದೆ ಮನೆಗೆ ಹೋದ. ನಗು ನಿಂತಿತು. ಅಂದಿನಿಂದ ಪಾಳಿಯಲ್ಲಿ ಮಾತಿಗೆ ಮಾತು ಬೆಳೆದು ದಿನಕ್ಕೊಂದು ಜಗಳ. ಯಾರ ಅಜ್ಜ ಎಲ್ಲಿದ್ದ, ಯಾರ ಅವ್ವ ಯಾರ ಬಾಗಿಲಲ್ಲಿ ನೀರು ಕೇಳಿದ್ದಳು ಎಂಬಲ್ಲಿಗೆ ಅದು ಹೋಗಿ ಮುಟ್ಟುತ್ತಿತ್ತು. ನೀಲವ್ವ ಮಾತ್ರ ಮೆಟ್ಟಿಲ ಬಾಯಿಯಲ್ಲಿ ಎಂದಿನಂತೆ ನಿಂತು, ಸೆರಗಿನ ತುದಿಯಿಂದ ಕೊಡದ ಕಂಠ ಒರೆಸುತ್ತಿದ್ದಳು.

ಹೆಡ್ ಮಾಸ್ತರ ಅಡಿವೆಪ್ಪನವರು ನನ್ನನ್ನು ಕರೆಸಿದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಊರಿನ ಪಂಚರಲ್ಲಿ ಅವರೂ ಒಬ್ಬರು. ಮಕ್ಕಳ ಇಪ್ಪತ್ತೆರಡು ನೋಟುಪುಸ್ತಕಗಳು ಆಗಲೇ ಅವರ ಮೇಜಿನ ಮೇಲಿದ್ದವು. ಇಪ್ಪತ್ತೊಂದಕ್ಕೆ ನಾನು ಸಹಿ ಹಾಕಿದ್ದೆ. ಕಸ್ತೂರಿಯದಕ್ಕೆ ಹಾಕಿರಲಿಲ್ಲ. ಯಾಕೆ ಹಾಕಿರಲಿಲ್ಲವೆಂದು ಈಗಲೂ ಸರಿಯಾಗಿ ಹೇಳಲಾರೆ. ಉಳಿದವರದು ಉತ್ತರವಾಗಿತ್ತು, ಅವಳದು ಬರೀ ಉತ್ತರವಾಗಿರಲಿಲ್ಲ.

"ಪುಸ್ತಕದಾಗಿನ ಕಲ್ಲು ಓದಸ್ರಿ ಅಂದ್ರ ಊರ ಕಲ್ಲು ಓದಸೀರಿ ಟೀಚರ" ಎಂದರು.

"ಎರಡಕ್ಕೂ ನಿಯಮ ಒಂದೇ ಸರ್."

"ನಿಯಮ ನನಗೂ ಗೊತ್ತೈತಿ. ಇದ ಪಾಠ ನಾನೂ ಮೂವತ್ತು ವರ್ಷ ಮಾಡೀನಿ. ರೊಟ್ಟಿ ತರಲಿಲ್ಲ, ಅಷ್ಟ." ಕಿಟಕಿಯ ಕಡೆ ತಿರುಗಿದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಬರುವ ಒಂದೇ ವಿದ್ಯೆ, ಎದುರಿಗಿದ್ದವರು ಅದನ್ನು ತುಂಬುತ್ತಾರೆ. "ನೆಲ ನಡುಗಿ ಬಾವಿ ಬಿರಿದಾಗ ನನಗ ಇಪ್ಪತ್ತೊಂದು. ತಳದಾಗ ಒಂದೀಟು ನೀರು ಉಳದಿತ್ತು. ಮ್ಯಾಲಿನ ಓಣಿ ಹಿರ್ಯಾರು ಬಾವಿ ಬಾಯಿಗೆ ಹಲಗಿ ಹೊಡಿಸಿ ಕೀಲಿ ಹಾಕಿಸಿದ್ರು. ಕೀಲಿಕೈ ನನ್ನ ಸೊಂಟದಾಗ ಇತ್ತು. ಕೆಳಗಿನ ಓಣ್ಯಾವರು ಬಂದು ಕೂಡತಿದ್ರು. ಮಾತಾಡತಿರಲಿಲ್ಲ. ಕರೇ ಹಾಸು ಬಿದ್ದ ಮರುದಿನ ದುಂಡಪ್ಪ ಕೀಲಿ ಮುಟ್ಟಲಿಲ್ಲ, ಪಕ್ಕದಿಂದ ಕೊರಕೊಂತ ನೀರಿಗೆ ಇಳದ. ಅಂವ ಕೊರಿಲಿಲ್ಲಂದ್ರ ಹತ್ತೊಂಬತ್ತು ಅಲ್ಲ, ಅರವತ್ತು ಆಗತಿತ್ತು."

"ಮತ್ತೆ ಅವರಿಗೇ ಯಾಕೆ..."

"ಯಾರಿಗರ ಹೊರಸಬೇಕಿತ್ತು. ಆ ವರ್ಷ ಇಟಗೊಂಡು ಈ ಊರಾಗ ಇರಾಕ ಆಗತಿರಲಿಲ್ಲ. ಮನಿಗೊಂದು ಕೈ ಅಂತ ಹಾಕಿ ಹೆರದು ತಗದ್ವಿ." ನೋಟುಪುಸ್ತಕಗಳನ್ನು ಕಪಾಟಿಗೆ ಹಾಕಿದರು. "ಪಂಚರು ಕೂಡ್ಯಾರ. ಇಷ್ಟು ಜಗಳ ಎದ್ದ ಈ ವರ್ಷದ್ದೂ ಹೆರಿಬೇಕು ಅಂತ ಆಗೇತಿ. ಈ ಸಲ ಹಸಿ ಇದ್ದಾಗ. ನಿಮ್ಮ ಮನಿಯಿಂದನೂ ಒಂದು ಕೈ ಬರಬೇಕು." ಆಮೇಲೆ ಏನೋ ಉಪಕಾರ ಮಾಡುವವರಂತೆ ಸೇರಿಸಿದರು: "ಹುಡುಗಿಗೂ ಒಂದು ವರ್ಷ ಉಳೀತು ನೋಡ್ರಿ. ಈ ಹಾಸು ಇಲ್ಲಂದ ಮ್ಯಾಲ ಆಕಿಗೆ ಇನ್ನೂ ಹದಿನಾಕ."

ಮನೆಗೆ ಬಂದಾಗ ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಸ್ತೂರಿ ಒಲೆಯ ಹತ್ತಿರ ಇದ್ದಳು. ನಾನು ಪಂಚರ ತೀರ್ಮಾನ ಹೇಳಿದೆ. ಮೊರ ನಿಲ್ಲಲಿಲ್ಲ. "ನೀಲವ್ವ, ನಿಮಗೆ ಮೊದಲಿನಿಂದಲೂ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ಲದ ಏನ್ರಿ ಅಕ್ಕೋರ? ಅವತ್ತು ನಮ್ಮ ಮನಿ ಕೈ ನಂದ." ಒಂದು ಹರಳು ಆರಿಸಿ ಹೊರಗೆ ಎಸೆದಳು. "ಹದಿನೈದು ವರ್ಷದಾಕಿ. ಇಪ್ಪತ್ತು ದಿನ ಹಾರಿ ಹಿಡದೀನಿ. ಕರೇದು ಭಾಳ ಗಟ್ಟಿ, ಏಳತಿರಲಿಲ್ಲ. ಕೈಯಾಗ ಬೊಬ್ಬಿ ಎದ್ದು ಒಡದು ಹೋದ್ವು. ಹೆರದ್ರ ಮುಗೀತು ಅಂದಿದ್ರು. ನಾನೂ ಮುಗೀತೈತಿ ಅಂತ ತಿಳಕೊಂಡೆ. ಅಪ್ಪ ನೋಡಕೊಂತ ಕೂತಿದ್ದ. ಕೊಡ ನನ್ನ ಕೈಗೆ ಬಿಡಲಿಲ್ಲ, ಎರಡು ವರ್ಷ ತಾನ ಪಾಳ್ಯಾಗ ಕಡೀಕ ನಿಂತು ಸತ್ತ."

"ಕೆಳಗಿನ ಓಣಿಯವರು? ಅವರು ಹೇಗೆ ಒಪ್ಪಿದರು?"

"ಅವರೂ ಹೆರದ್ರು. ಕೂಸು ಸತ್ತಾಕಿ ನನ್ನ ಬಾಜೂಕ ಕೂತು ಹೆರದಾಳ. ಅವರಿಗೂ ಆ ವರ್ಷ ಬ್ಯಾಡಾಗಿತ್ತು."

ಕಸ್ತೂರಿ ಒಲೆಯ ಕಡೆಯಿಂದ ತಿರುಗಿದಳು. "ಆಯಿ, ನನಗ ಹದಿನಾಕ ಬ್ಯಾಡ" ಎಂದಳು.

"ಬ್ಯಾಡಂದ್ರ ಕೊಡ ಹೊರಬೇಕಾಕೈತಿ ನೋಡ. ಅದ ಜಾಗದಾಗ."

"ಹೊರತೀನಿ. ನನ್ನ ವರ್ಷ ನನಗ ಬೇಕು." ಆಮೇಲೆ ನನ್ನ ಕಡೆ ನೋಡಿ, "ಅಕ್ಕೋರು ಸಹಿ ಹಾಕಲಿಲ್ಲ" ಎಂದಳು. ದೂರಿನ ದನಿಯಲ್ಲ. ಇದ್ದದ್ದನ್ನು ಹೇಳಿದಳು, ಗೋಡೆ ಓದಿದ ಹಾಗೆ.

ಹದಿನೆಂಟು ದಿನಗಳ ನಂತರ ಹಾಸು ಬಿತ್ತು. ನಾನು ಮೊದಲ ಸಲ ನೋಡುತ್ತಿದ್ದೆ. ಉಳ್ಳಾಗಡ್ಡಿ ಸಿಪ್ಪೆಯ ನಸುಗುಲಾಬಿ ಬಣ್ಣ. ಒಂದು ಸಪ್ಪಳವೂ ಇಲ್ಲ. ನಾಯಿಗಳು ಕೂಡ ಜಗಲಿಯ ಕೆಳಗೆ ಸುಮ್ಮನೆ ಕೂತಿದ್ದವು. ಹೊತ್ತೇರಿ ಅದು ನಿಂತಾಗ ಊರು ನಯವಾಗಿ, ಯಾರೂ ನಡೆದಿರದ ಜಾಗದಂತೆ ಕಾಣುತ್ತಿತ್ತು. ಬೇರೆ ವರ್ಷವಾಗಿದ್ದರೆ ಜನ ಸಂಜೆಯವರೆಗೆ ಹೊರಗೆ ಕಾಲಿಡುತ್ತಿರಲಿಲ್ಲವಂತೆ, ಹೆಜ್ಜೆ ಕಲ್ಲಾಗುತ್ತದೆಂದು. ಅಂದು ಎಲ್ಲ ಬಾಗಿಲುಗಳೂ ತೆರೆದವು. ಮನೆಗೊಂದು ಕೈ, ಕೈಯಲ್ಲಿ ಸಲಿಕೆ. ಹೆರೆದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಊರ ಹೊರಗಿನ ಹಳ್ಳಕ್ಕೆ ಸುರಿಯಬೇಕು. ನಮ್ಮ ಮನೆಯ ಕೈಯಾಗಿ ನಾನು ಹೋದೆ. ಕಸ್ತೂರಿ ಹೋಗಬಾರದೆಂಬುದು ನನ್ನ ಕಾರಣ. ಕಾರಣ ಏನೇ ಇರಲಿ, ನನ್ನ ಪಾಲಿಗೆ ಬಂದ ಜಾಗವನ್ನು ನಾನು ಚೆನ್ನಾಗಿ ಹೆರೆದೆ. ಕೆಳಗಿನ ಹಿಂದಿನ ವರ್ಷದ ತಾಮ್ರದ ಬಣ್ಣ ಕಾಣುವವರೆಗೆ.

ಮಧ್ಯಾಹ್ನದ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಬಂದಾಗ ಸಲಿಕೆಗಳು ನಿಂತಿದ್ದು ಕಂಡಿತು. ಮೆಟ್ಟಿಲ ಬಾಯಿಯ ಪಕ್ಕ, ಮೂವತ್ತೈದು ವರ್ಷ ತಾನು ನಿಂತ ಜಾಗದಲ್ಲಿ, ನೀಲವ್ವ ಹಾಸಿನ ಮೇಲೆ ಕಾಲು ಮಡಚಿ ಕೂತಿದ್ದಳು. ಯಾವಾಗ ಬಂದು ಕೂತಳೋ ಯಾರೂ ನೋಡಿರಲಿಲ್ಲ. ಪಕ್ಕದಲ್ಲಿ ಕೊಡ ಇತ್ತು.

"ಏಳಬೇ ನೀಲವ್ವ" ಎಂದ ಒಬ್ಬ.

"ಮಂಡಿ ಹಿಡದಾವಪಾ. ಏಳಾಕ ಬರವಲ್ದು."

"ಎಬ್ಬಸ್ಲೇನು ನಾನು?"

"ಎಬ್ಬಸು. ನಿಮ್ಮಜ್ಜ ನಮ್ಮಪ್ಪನ್ನ ಹಿಂಗ ಎಬ್ಬಿಸಿದ್ದ, ಇದ ಜಾಗದಿಂದ. ರೂಢಿ ಐತಿ ನಿಮ್ಮ ಮನ್ಯಾಗ."

ಅವನು ಸಲಿಕೆಗೆ ಒರಗಿ ನಿಂತ. ನಾಲ್ಕೂ ಕಡೆಯಿಂದ ಹೆರೆಯುತ್ತಾ ಬಂದಿದ್ದರಿಂದ ನೀಲವ್ವನ ಕೆಳಗಿನ ಹಾಸು ಮಾತ್ರ ಒಂದು ಕಂಬಳಿಯಷ್ಟು ಉಳಿದಿತ್ತು. ಎಲ್ಲರೂ ಹೆಡ್ ಮಾಸ್ತರರ ಕಡೆ ನೋಡಿದರು. ಅಡಿವೆಪ್ಪನವರು ಹತ್ತಿರ ಬಂದು, ಅವಳ ಮುಂದೆ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು, ಹಾಸಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗಿಳಿಯಿತು. ನಾನು ಎರಡು ಮೊಳದ ದೂರದಲ್ಲಿದ್ದೆ, ನೋಡಿದೆ. ಅವರು ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಎದ್ದು, "ಬಿಡ್ರಿ. ಗಟ್ಟಿ ಆಗೇತಿ. ಇನ್ನ ಏಳೂದಿಲ್ಲ" ಎಂದರು.

ಯಾರೂ ಬಗ್ಗಿ ನೋಡಲಿಲ್ಲ. ಒಬ್ಬೊಬ್ಬರಾಗಿ ಸಲಿಕೆ ಹೆಗಲಿಗಿಟ್ಟು ಹೋದರು. ನೀಲವ್ವ ಸಂಜೆಯವರೆಗೆ ಅಲ್ಲೇ ಇದ್ದಳು. ಕಸ್ತೂರಿ ರೊಟ್ಟಿ ಕಟ್ಟಿಕೊಂಡು ಹೋಗಿ ತಿನ್ನಿಸಿ ಬಂದಳು. ಬೆಳಕು ಇಳಿಯುವಾಗ ನಾನೂ ಅವಳೂ ಸೇರಿ ನೀಲವ್ವನ ರಟ್ಟೆ ಹಿಡಿದು ಎಬ್ಬಿಸಿದೆವು. ಕೂತಲ್ಲಿ ಸೀರೆಯ ನಿರಿಗೆಗಳು ಕಲ್ಲಿನಲ್ಲಿ ಮೂಡಿದ್ದವು. "ಮಂಡಿ ಖರೇನ ಹಿಡದಾವಬೇ" ಎಂದು ಅವಳು ಮೊದಲ ಸಲ ನಕ್ಕಳು.

ಮರುದಿನ ಬೆಳಿಗ್ಗೆ ಕೊಡ ತೆಗೆದುಕೊಂಡು ಹೋದದ್ದು ಕಸ್ತೂರಿ. ನಾನು ಜೊತೆಗೆ ಹೋಗಲಿಲ್ಲ, ಆದರೆ ಶಾಲೆಗೆ ಹೋಗುವ ದಾರಿಯನ್ನು ಬಾವಿಯ ಕಡೆಯಿಂದ ಮಾಡಿಕೊಂಡೆ. ಅವಳು ಮೆಟ್ಟಿಲ ಬಾಯಿಯ ಹತ್ತಿರ, ಆ ಕಂಬಳಿಯಷ್ಟು ಕಲ್ಲಿನ ಮೇಲೆ ನಿಂತಿದ್ದಳು. ಪಾಳಿಯಲ್ಲಿದ್ದ ಎಲ್ಲರಿಗಿಂತ ನಾಲ್ಕು ಬೆರಳು ಎತ್ತರಕ್ಕೆ. "ಏ ಹುಡುಗಿ, ನಿನಗಿನ್ನೂ ಹದಿನಾಕ" ಎಂದಳು ಒಬ್ಬಳು. ಕಸ್ತೂರಿ ಕಾಲ ಕೆಳಗೆ ಬೆರಳು ತೋರಿಸಿ, "ಇಲ್ಲಿ ಹದಿನೈದು" ಎಂದಳು. ಪಾಳಿ ಕರಗುತ್ತಾ ಬಂತು. ಸರದಿ ಹತ್ತಿರ ಬಂದಿದ್ದ ಮೌಲಾಲಿ ತನ್ನ ಕೊಡ ಎತ್ತಿಕೊಂಡು ಹಿಂದಕ್ಕೆ ನಡೆದು ಬಂದ. ಕಸ್ತೂರಿಯ ಹಿಂದೆ ನಿಲ್ಲಲು ಜಾಗವಿರಲಿಲ್ಲ. ಒಂದು ಮೆಟ್ಟಿಲು ಕೆಳಗಿಳಿದು ಬಾವಿಯೊಳಗೆ ನಿಂತ.

"ಹೋಗಲೇ ಮುಂದಕ" ಎಂದಳು ಕಸ್ತೂರಿ.

"ಇವತ್ತು ಏಳೂದು ತಡಾ ಆತು" ಎಂದ ಮೌಲಾಲಿ. "ಸುಮ್ನ ನಿಂದ್ರು, ಮುಂದ ನೋಡು."

ಅಂದು ಕೊನೆಯ ಕೊಡ ಅವನದಾಯಿತು. ಅವನ ಅವ್ವ ಕೆಸರು ನೀರು ನೋಡಿ ಬೆನ್ನಿಗೆ ಎರಡು ಕೊಟ್ಟಳೆಂದು ತರಗತಿಯಲ್ಲಿ ತಾನೇ ಹೇಳಿಕೊಂಡ. ಮುಂದಿನ ವಾರ ಕೊನೆಗೆ ನಿಂತದ್ದು ಕೊಡ ಒಡೆದುಕೊಂಡಿದ್ದ ಕೆಳಗಿನ ಓಣಿಯ ಮುದುಕ. ಆಮೇಲೆ ಕೆಲವು ದಿನ ಮತ್ತೆ ಕಸ್ತೂರಿಯೇ. ಊರು ಬದಲಾಯಿತೆಂದು ನಾನು ಹೇಳಲಾರೆ. ಕೊನೆಗೆ ಯಾರು ಎಂಬುದು ಮುಂಚೆ ಗೊತ್ತಿರುತ್ತಿತ್ತು, ಈಗ ಬೆಳಿಗ್ಗೆ ಎದ್ದು ನೋಡಬೇಕಾಗಿತ್ತು. ಹೆಡ್ ಮಾಸ್ತರರು ನೋಟುಪುಸ್ತಕಗಳನ್ನು ಹಿಂದಿರುಗಿಸಿದರು. ಕಸ್ತೂರಿಯದಕ್ಕೆ ಸಹಿ ಹಾಕಿ, ಪಾಠ ನಡೆದ ದಿನದ ತಾರೀಕನ್ನು ಬರೆದೆ. ಊರಿನಲ್ಲಿ ಆ ತಾರೀಕು ಈಗ ಇರುವುದು ಆ ಹಾಳೆಯ ಮೇಲೆ ಮಾತ್ರ.

ಮುಂದಿನ ಚಳಿಯ ಕೊನೆಗೆ ಬೂದಿ ಬಣ್ಣದ ಹಾಸು ಬಿದ್ದು ಎಲ್ಲವನ್ನೂ ಮುಚ್ಚಿತು. ಮೆಟ್ಟಿಲ ಬಾಯಿಯ ಅಂಚನ್ನು ಸರಿಮಾಡಿದಾಗ ಗೋಡೆಯಲ್ಲಿ ತಾಮ್ರದ ಮೇಲೆ ನೇರವಾಗಿ ಬೂದಿ ಕೂತಿದ್ದು ಕಂಡಿತು. ಒಂದು ಕಡೆ ಮಾತ್ರ ಅವೆರಡರ ನಡುವೆ ಉಳ್ಳಾಗಡ್ಡಿ ಬಣ್ಣದ ಒಂದು ಗಿಡ್ಡ ತುಂಡು, ಅದರ ನೆತ್ತಿಯಲ್ಲಿ ಸಣ್ಣ ಸಣ್ಣ ಅಲೆ. ಹೊಸ ಒಂಬತ್ತನೇ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಈ ಸಲ ಅಡಿವೆಪ್ಪನವರನ್ನು ಕೇಳಿದೆ. ಅವರು ಕತ್ತೆತ್ತದೆ, "ಮೆಟ್ಟಲಾ ಪಾಚಿ ಕಟ್ಟ್ಯಾವು, ಹುಷಾರು" ಎಂದರು. ಮಕ್ಕಳಿಗೆ ನಾನು ಏನೂ ಹೇಳಲಿಲ್ಲ. ಏನೇನು ಯಾವ ಕ್ರಮದಲ್ಲಿ ಆಯಿತೆಂದು ಬರೆಯಲು ಹೇಳಿ ಮೆಟ್ಟಿಲ ಮೇಲೆ ಕೂತೆ. ಬಹಳಷ್ಟು ಜನ ತಾಮ್ರ, ಬೂದಿ ಎಂದು ಎರಡೇ ಬರೆದಿದ್ದರು. ಬಡಿಗರ ಮನೆಯ ಒಬ್ಬಳು, ಇನ್ನೂ ಅಕ್ಷರ ದುಂಡಗಾಗದವಳು, ಹೀಗೆ ಬರೆದಿದ್ದಳು: ಮೊದಲು ತಾಮ್ರದ್ದು ಬಿತ್ತು. ಆಮೇಲೆ ಗುಲಾಬಿಯದು ಬಿತ್ತು. ಅದು ಹಸಿ ಇದ್ದಾಗ ಯಾರೋ ಬಂದು ಕೂತರು. ಆಮೇಲೆ ಊರವರು ಸುತ್ತ ಹೆರೆದರು. ಊರವರು ಮನೆಗೆ ಹೋದ ಮೇಲೆ, ಕೂತವರು ಎದ್ದರು.